ಎಡದಿಂದ ಬಲಕ್ಕೆ

ಕಾರು ತಿರುವಿನಲ್ಲಿ ವೇಗ ತಗ್ಗಿಸಿ, ಎದುರಿಗೆ ಬಂದ ಸೈಕಲ್ಲಿಗೆ ದಾರಿ ಬಿಟ್ಟು ಮತ್ತೆ ಹೊರಟಾಗ, ಅದರ ಹಿಂಭಾಗ ಅರೆಕ್ಷಣ ಪೂರ್ತಿಯಾಗಿ ಅವಳ ಕಡೆ ತಿರುಗಿತು. ಹಳದಿ ನಂಬರ್ ಪ್ಲೇಟಿನ ಮೇಲೆ ಕಪ್ಪು ಇಂಗ್ಲಿಷ್ ಅಕ್ಷರಗಳು, ಈಗಷ್ಟೇ ಒರೆಸಿ ಕಳಿಸಿದ್ದರಿಂದ ಥಳಥಳ ಹೊಳೆಯುತ್ತಿದ್ದವು. 81 ಎ ಎಂ ಟಿ. ಕಾರು ಮರೆಯಾಯಿತು. ಅವಳು ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಇದ್ದಳು.

ಏನೋ ಸರಿಯಿಲ್ಲ ಅನ್ನಿಸಿತು. ಆದರೆ ಏನೋ ಸರಿಯಿಲ್ಲ ಎಂದು ಅವಳಿಗೆ ಅನ್ನಿಸುವುದು ದಿನಕ್ಕೆ ಹತ್ತು ಸಲ. ಒಲೆ ಆರಿಸಿದೆನೋ ಇಲ್ಲವೋ, ನಲ್ಲಿ ನಿಲ್ಲಿಸಿದೆನೋ ಇಲ್ಲವೋ. ಮನೆಯ ಬೀಗವನ್ನು ಮೂರು ಸಲ ಜಗ್ಗಿ ನೋಡದೆ ಅವಳು ಬೀದಿಗೆ ಇಳಿದದ್ದಿಲ್ಲ. ಗಂಡ ಅವಳನ್ನು ‘ಮೂರು ಸಲ’ ಎಂದೇ ಕರೆಯುತ್ತಿದ್ದ. ಹೀಗಾಗಿ ಅವಳ ಅನುಮಾನಕ್ಕೆ ಮನೆಯಲ್ಲಿ ಬೆಲೆಯಿರಲಿಲ್ಲ, ಈಚೆಗೆ ಅವಳಲ್ಲೂ ಇರಲಿಲ್ಲ.

“ಹೋದ್ರಾ ಕನ್ನಡಕದವರು?” ಒಳಗಿನಿಂದ ಮಾವ ಕೇಳಿದರು. ಅವರು ಮೈಮೇಲಿನ ಅಂಟಿನ ಕಲೆಯ ಏಪ್ರನ್ನು ಬಿಚ್ಚಿ ಮೊಳೆಗೆ ತೂಗುಹಾಕುತ್ತಿದ್ದರು.

“ಹೋದ್ರು ಮಾವ.”

“ಖುಷಿಯಾಗಿದ್ರಾ?”

“ಹಾಡ್ಕೊಂಡು ಹೋದ್ರು.”

“ಮತ್ತಿನ್ನೇನು. ನಾನೊಂದು ಗಂಟೆ ಅಡ್ಡಾಗ್ತೀನಿ. ಯಾರಾದ್ರೂ ಬಂದ್ರೆ ಕಾಗದ ಇಸ್ಕೊಂಡಿರು, ಅಕ್ಷರ ಮುಟ್ಟಬೇಡ.” ಅವರು ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಮಾವನದು ನಂಬರ್ ಪ್ಲೇಟಿನ ಅಂಗಡಿ. ಮೂವತ್ತೊಂಬತ್ತು ವರ್ಷದಿಂದ ಅದೇ ಮೇಜು, ಅದೇ ಅಕ್ಷರದ ಡ್ರಾಯರುಗಳು. ಎರಡು ವರ್ಷದ ಹಿಂದೆ ಲೆಕ್ಕ ಬರೆಯುತ್ತಿದ್ದವರು ಬಿಟ್ಟುಹೋದಾಗ, ಮನೆಯಲ್ಲಿ ಕೂತು ಬೀಗ ಎಳೆದು ನೋಡುವ ಬದಲು ಅಂಗಡಿಗೆ ಬಾ ಎಂದು ಸೊಸೆಯನ್ನು ಕರೆದಿದ್ದರು. ಗ್ರಾಹಕರ ದಾಖಲೆ ನೋಡುವುದು, ಬರೆದುಕೊಳ್ಳುವುದು, ಸಿದ್ಧವಾದ ಪ್ಲೇಟನ್ನು ಕಾಗದದೊಂದಿಗೆ ತಾಳೆ ನೋಡಿ ಒರೆಸಿ ಕೊಡುವುದು ಅವಳ ಪಾಲು. ಅಕ್ಷರ ಕೂರಿಸುವ ಕೆಲಸ ಮಾವನದು, ಅದನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಮೊದಲ ವಾರವೇ ಅವರು ಅವಳಿಗೆ ಈ ದೇಶದ ನಂಬರುಗಳ ವಂಶಾವಳಿ ಹೇಳಿಕೊಟ್ಟಿದ್ದರು. ಗಾಡಿಯ ಮುಂದೆ ಬಿಳಿ ಪ್ಲೇಟು, ಹಿಂದೆ ಹಳದಿ. ಎಲ್ಲಕ್ಕಿಂತ ಹಳೆಯವಕ್ಕೆ ಅಕ್ಷರ ಮುಂದೆ, ಅಂಕಿ ಹಿಂದೆ. ಅವು ಮುಗಿದಾಗ ಸರ್ಕಾರದವರು ಅಂಕಿಯನ್ನು ಮುಂದೆ ತಂದು ಅಕ್ಷರವನ್ನು ಹಿಂದೆ ಹಾಕಿದರು. ಅದೂ ಸಾಲದಾದಾಗ ವರ್ಷ ಹೇಳುವ ಒಂದು ಅಕ್ಷರ ಬಾಲಕ್ಕೆ ಸೇರಿತು, ಆಮೇಲೆ ಅದೇ ಅಕ್ಷರ ಬಾಲದಿಂದ ತಲೆಗೆ ಬಂತು. ಈಗಿನವಕ್ಕೆ ನಡುವೆ ಎರಡಂಕಿ, ಗಾಡಿ ಯಾವ ವರ್ಷ ಹುಟ್ಟಿತೆಂದು ಅವೇ ಹೇಳುತ್ತವೆ. ಇಷ್ಟಪಟ್ಟ ನಂಬರು ಹಾಕಿಸಿಕೊಳ್ಳುವವರು ಹಳೆಯದನ್ನು ಹೊಸ ಗಾಡಿಗೆ ಹಾಕಿಸಬಹುದು, ಹೊಸದನ್ನು ಹಳೆ ಗಾಡಿಗೆ ಹಾಕಿಸುವಂತಿಲ್ಲ. “ಮುದುಕ ಅಂತ ಹೇಳ್ಕೊಳ್ಳಬಹುದು, ಹುಡುಗ ಅಂತ ಹೇಳ್ಕೊಳ್ಳೋ ಹಾಗಿಲ್ಲ. ನನ್ನಂಥೋರಿಗೆ ಅನುಕೂಲವಾದ ಕಾನೂನು,” ಎಂದು ಮಾವ ನಕ್ಕಿದ್ದರು.

ಬರುವವರಲ್ಲಿ ನೂರು ತರಹ. ಹುಟ್ಟಿದ ತಾರೀಖು ಬೇಕೆನ್ನುವವರು, ಹೆಂಡತಿಯ ಹೆಸರಿನ ಮೊದಲಕ್ಷರ ಬೇಕೆನ್ನುವವರು, ಮೂರಂಕಿಯೂ ಒಂದೇ ಇರಬೇಕೆಂದು ಹಟ ಹಿಡಿದವರು. ಹಲ್ಲಿನ ವೈದ್ಯರೊಬ್ಬರು ಮೂವತ್ತೆರಡಕ್ಕಾಗಿ ಎರಡು ವರ್ಷ ಕಾದಿದ್ದರು. ಅಂಕಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಹೆಸರಿನಂತೆ ಕಾಣಿಸಿಕೊಡಿ ಎಂದು ಗೋಗರೆಯುವವರಿಗೆ ಮಾವನ ಉತ್ತರ ಒಂದೇ: “ಅಕ್ಷರ ನಿಮ್ಮದು. ನಡುವಿನ ಜಾಗ ಸರ್ಕಾರದ್ದು.” ಅದಕ್ಕೇ ಅವರಿಗೆ ಹೆಸರು. ಎದುರಿನ ಟಯರ್ ಅಂಗಡಿಯವನಿಂದ ಹಿಡಿದು ಎಲ್ಲರಿಗೂ ಗೊತ್ತಿದ್ದ ಮಾತೊಂದಿತ್ತು: “ನನ್ನ ಕೈಯಿಂದ ತಪ್ಪು ಪ್ಲೇಟು ಹೊರಗೆ ಹೋದ ದಿನ ಶಟರ್ ಎಳೆದು ಮನೆಗೆ ಹೋಗ್ತೀನಿ.” ಅದು ತಮಾಷೆಯ ಮಾತಾಗಿರಲಿಲ್ಲ.

ಅವಳು ಒಳಗೆ ಬಂದು ಬೆಳಗಿನ ಕಾಗದ ತೆಗೆದಳು. ಕನ್ನಡಕದವರೆಂದರೆ ಮೂರು ಬೀದಿ ಆಚೆ ಕನ್ನಡಕದ ಅಂಗಡಿ ಇಟ್ಟಿರುವ, ಎಪ್ಪತ್ತು ದಾಟಿದವರು. ಅವರ ತಂದೆಯ ಕಾರಿನ ನಂಬರು ಯಾವುದೋ ಕಾಲಕ್ಕೆ ಯಾರದೋ ವ್ಯಾನಿನ ಪಾಲಾಗಿತ್ತು. ವರ್ಷಕ್ಕೊಂದರಂತೆ ಆ ವ್ಯಾನಿನವರಿಗೆ ಇಪ್ಪತ್ತಾರು ಪತ್ರ ಬರೆದು, ಕೊನೆಗೂ ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. “ಹೆಸರಲ್ಲ, ತಾರೀಖಲ್ಲ, ಯಾರಿಗೂ ಏನೂ ಅಲ್ಲ ಇದು,” ಎಂದು ಬೆಳಿಗ್ಗೆ ಕಾಗದವನ್ನು ಅಂಗೈಯಲ್ಲಿ ಸವರುತ್ತ ಹೇಳಿದ್ದರು. “ಬೀದಿ ಕೊನೇಲಿ ಈ ನಂಬರ್ ಕಂಡ್ರೆ ಅಪ್ಪ ಬಂದ್ರು ಅಂತ ನಾನೂ ನಮ್ಮಕ್ಕಾನೂ ಓಡ್ತಿದ್ವಿ. ಇವತ್ತು ಅವಳ ಮನೆ ಮುಂದೆ ಹೋಗಿ ನಿಲ್ಲಿಸ್ತೀನಿ. ಹೇಳಿಲ್ಲ ಅವಳಿಗೆ.”

ಕಾಗದದಲ್ಲಿದ್ದದ್ದು: ಟಿ ಎಂ ಎ 18.

ಅವಳು ಮತ್ತೊಮ್ಮೆ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ದಪ್ಪ ಪೆನ್ನಿನಲ್ಲಿ ಅದನ್ನೇ ಪ್ಲೇಟಿನ ಇಂಗ್ಲಿಷ್ ಅಕ್ಷರಗಳಂತೆ ತೆಳುಹಾಳೆಯ ಮೇಲೆ ಬರೆದು, ಹಾಳೆ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಹಿಂದಿನಿಂದ ಮೂಡಿದ್ದು 81 ಎ ಎಂ ಟಿ. ಒಂದು ಅಕ್ಷರವೂ ಉಲ್ಟಾ ಆಗಿರಲಿಲ್ಲ. ಎಲ್ಲವೂ ನೆಟ್ಟಗೆ, ತಮ್ಮ ಪಾಡಿಗೆ ತಾವು, ಬೇರೆ ಯಾರದೋ ನಂಬರಾಗಿ ನಿಂತಿದ್ದವು.

ಪ್ಲೇಟು ಮಾಡುವವರು ಎಲ್ಲವನ್ನೂ ಬೆನ್ನ ಕಡೆಯಿಂದ ಮಾಡುತ್ತಾರೆ. ಪಾರದರ್ಶಕ ಹಾಳೆಯನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಅದರ ಬೆನ್ನಿಗೆ ಅಕ್ಷರಗಳನ್ನು ಬಲದಿಂದ ಎಡಕ್ಕೆ ಕನ್ನಡಿಯ ಬರಹದಂತೆ ಅಂಟಿಸಿ, ಮೇಲೆ ಬಣ್ಣದ ಹಾಳೆ ಹೊದಿಸಿ ರೋಲರಿನಲ್ಲಿ ಒತ್ತುತ್ತಾರೆ. ಎಡಬಲ ತಪ್ಪಿದರೆ ಸಾಮಾನ್ಯವಾಗಿ ಒಂದಾದರೂ ಅಕ್ಷರ ಬೆನ್ನು ತಿರುಗಿಸಿ ಕೂತು ಗುಟ್ಟು ಬಿಟ್ಟುಕೊಡುತ್ತದೆ. ಈ ಐದಕ್ಕೆ ಎದುರೂ ಇಲ್ಲ, ಬೆನ್ನೂ ಇಲ್ಲ, ಯಾವ ಕಡೆಯಿಂದ ನೋಡಿದರೂ ಒಂದೇ; ಪ್ಲೇಟಿನ ‘ಒಂದು’ ಕೂಡ ಬರೀ ನೆಟ್ಟನೆಯ ಗೆರೆ. ಅದರ ಮೇಲೆ, ಅಂಕಿ ಮುಂದೆ ಬಂದರೂ ಅದು ಎರಡನೇ ಕಾಲದ ನಂಬರಿನಂತೆ ಒಪ್ಪವಾಗಿಯೇ ಕಾಣುತ್ತದೆ.

ಮಾವನ ತಪ್ಪು ಅದು. ಆದರೆ ತಾಳೆ ನೋಡಬೇಕಾಗಿದ್ದವಳು ಅವಳು. ಪ್ಲೇಟು ಕೊಡುವ ಮುನ್ನ ಅವಳು ಕಾಗದ ಹಿಡಿದು ಹತ್ತಿರ ಬಂದಾಗ ಮಾವ ಕನ್ನಡಕದವರ ಕಡೆ ಕಣ್ಣು ಮಿಟುಕಿಸಿ, “ನಮ್ಮ ಸೊಸೆ ಮೂರು ಸಲ ನೋಡದೆ ಬಿಡೋಳಲ್ಲ. ನಿಮ್ಮಕ್ಕ ಅಷ್ಟರಲ್ಲಿ ಮಲಗಿಬಿಡ್ತಾರೆ,” ಎಂದಿದ್ದರು. ಇಬ್ಬರೂ ನಕ್ಕರು. ಅವಳೂ ನಕ್ಕು ಕಾಗದವನ್ನು ಮಡಿಸಿಟ್ಟಳು. ಎರಡು ವರ್ಷದಲ್ಲಿ ಅವಳು ನೋಡದೆ ಕಳಿಸಿದ್ದು ಅದೊಂದೇ.

ಹಿಂದಿನ ಕೋಣೆಯಿಂದ ಸಣ್ಣ ಗೊರಕೆ ಕೇಳುತ್ತಿತ್ತು. ಹೇಳಿದರೆ ಮಾವ ಶಟರ್ ಎಳೆಯುತ್ತಾರೆ. ಎಳೆದರೆ ಮತ್ತೆ ತೆಗೆಯುವವರಲ್ಲ, ಅವರ ಹಟ ಅವಳಿಗೆ ಗೊತ್ತು. ಮನೆಯಲ್ಲಿ ಕುರ್ಚಿ ಹಾಕಿಕೊಂಡು ಗೋಡೆ ನೋಡುತ್ತ ಕೂರುತ್ತಾರೆ. ಅವಳೂ ಅಷ್ಟೇ, ಮತ್ತೆ ನಲ್ಲಿ, ಒಲೆ, ಬೀಗ. ಹೇಳದಿದ್ದರೆ ಒಬ್ಬ ಹಿರಿಯರು ಇನ್ಯಾರದೋ ನಂಬರು ಹೊತ್ತುಕೊಂಡು ಊರು ಸುತ್ತುತ್ತಾರೆ. ಯಾವುದಾದರೂ ಕ್ಯಾಮೆರಾದ ಕಣ್ಣಿಗೆ ಬಿದ್ದರೆ ಪೊಲೀಸರು ನೇರ ಇಲ್ಲಿಗೇ ಬರುತ್ತಾರೆ. ಹೀಗೇ ತೂಗುತ್ತ ಕಾಲುಗಂಟೆ ಕಳೆದ ಮೇಲೆ ಅವಳು ಫೋನೆತ್ತಿದಳು.

“ನಾನೇ ಮಾಡೋಣ ಅಂತಿದ್ದೆ ಕಣಮ್ಮ,” ಎಂದರು ಕನ್ನಡಕದವರು ಆ ಕಡೆಯಿಂದ. “ನಮ್ಮಕ್ಕ ನನ್ನನ್ನ ಒಳಗೇ ಬಿಡ್ತಿಲ್ಲ.”

ಹಿಂದಿನಿಂದ ಹೆಂಗಸಿನ ದನಿ ಸ್ಪಷ್ಟವಾಗಿ ಕೇಳಿತು. “ಅಪ್ಪನ ಗಾಡೀಲಿ ಅಕ್ಷರ ಮುಂದಿತ್ತು ಕಣೋ. ಗೇಟಿಗೆ ಬಡಿದು ಟಿ ಹತ್ರ ಸೊಟ್ಟಗಾಗಿತ್ತು. ನಿಂಗಾಗ ಹಾಲುಹಲ್ಲೂ ಬಿದ್ದಿರ್ಲಿಲ್ಲ, ನಂಗೆ ಹೇಳಿಕೊಡೋಕೆ ಬರ್ತೀಯ.”

“ಅವರು ಹೇಳ್ತಿರೋದೇ ಸರಿ,” ಎಂದಳು ಅವಳು. “ತಪ್ಪು ನಮ್ಮದು. ಈಗಲೇ ಸರಿಯಾದ್ದು ಮಾಡಿಕೊಡ್ತೀನಿ. ಆದ್ರೆ ಆ ಪ್ಲೇಟಲ್ಲಿ ಗಾಡಿ ಓಡಿಸಬೇಡಿ, ದಯವಿಟ್ಟು.”

ಆ ಕಡೆಯಿಂದ ನಗು. “ನಲವತ್ತು ವರ್ಷ ಊರಿನೋರಿಗೆಲ್ಲ ಗೋಡೆ ಮೇಲಿನ ಅಕ್ಷರ ಓದಿಸಿದೋನು ನಾನು. ನನ್ನ ಗಾಡೀದೇ ಓದ್ಲಿಲ್ಲ ನೋಡು.” ದನಿ ತಗ್ಗಿಸಿದರು. “ಯಜಮಾನರಿಗೆ ಗೊತ್ತಾಯ್ತಾ?”

“ಮಲಗಿದಾರೆ.”

“ಹಾಗಾದ್ರೆ ಮಲಗಿರ್ಲಿ. ಗಾಡಿ ಇಲ್ಲೇ ಇರ್ಲಿ. ಪ್ಲೇಟ್ ಬಿಚ್ಚಿಕೊಂಡು ಬಸ್ಸಲ್ಲಿ ನಾಲ್ಕಕ್ಕೆ ಬರ್ತೀನಿ. ನೀನು ಬಾಗಿಲಲ್ಲೇ ಕೊಟ್ಟುಬಿಡು, ನಾನೂ ಬಾಯಿ ಬಿಡಲ್ಲ. ಆ ಮನುಷ್ಯ ಶಟರ್ ಎಳೆಯೋದು ನನ್ನಿಂದ ಬೇಡ.”

ಅಷ್ಟು ಸುಲಭವಾಗಿ ಮುಗಿಯಬಹುದಾಗಿತ್ತು. ಅವಳು ಫೋನಿಟ್ಟು, ಏಪ್ರನ್ನು ಕಟ್ಟಿಕೊಂಡು ಮೊದಲ ಸಲ ಮಾವನ ಮೇಜಿನ ಮುಂದೆ ನಿಂತಳು. ಎರಡು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದಳು, ಯಾವ ಡ್ರಾಯರಿನಲ್ಲಿ ಏನಿದೆಯೆಂದು ಕಣ್ಣುಮುಚ್ಚಿ ಹೇಳಬಲ್ಲಳು. ಹಾಳೆಯ ಅಂಚಿಗೆ ಅಳತೆಪಟ್ಟಿ ಒತ್ತಿ, ಬಲತುದಿಯಿಂದ ಶುರುಮಾಡಿದಳು. ಟಿ. ಎಂ. ಎ. ನಡುವೆ ಜಾಗ. ಒಂದು. ಎಂಟು. ಪ್ರತಿಯೊಂದನ್ನೂ ಇಡುವ ಮುನ್ನ ಕಾಗದ ನೋಡಿದಳು, ಇಟ್ಟ ಮೇಲೆ ನೋಡಿದಳು, ಒತ್ತುವ ಮುನ್ನ ನೋಡಿದಳು. ಯಾರೂ ನಗಲಿಲ್ಲ.

ಮುಂಭಾಗದ ಬಿಳಿ ಪ್ಲೇಟು ರೋಲರಿನಿಂದ ಹೊರಬಂದಿತು. ಹಿಂಭಾಗದ್ದಕ್ಕೆ ಅಕ್ಷರ ಅಂಟಿಸಿ, ಹಳದಿ ಹಾಳೆಗೆ ಕೈ ಚಾಚುತ್ತಿದ್ದಾಗ ಬಾಗಿಲು ಕಿರುಗುಟ್ಟಿತು.

“ರೋಲರ್ ಸದ್ದು,” ಎಂದರು ಮಾವ. ನಿದ್ದೆಗಣ್ಣು, ಕೆದರಿದ ಕೂದಲು. “ಯಾರದಮ್ಮ ಅಷ್ಟು ಅರ್ಜೆಂಟು?”

ಅಭ್ಯಾಸ ಮಾಡ್ತಿದ್ದೆ ಮಾವ, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸ್ವಲ್ಪ ಬೈಯುತ್ತಿದ್ದರು, ಅಷ್ಟೇ. ಅಷ್ಟರಲ್ಲಿ ಮಾವ ಅವಳ ಕಡೆ ನಡೆದು ಬಂದರು, ಮತ್ತು ಬರುವಾಗ ಎಡಗೈಯನ್ನು ಮೇಜಿನ ಅಂಚಿಗೆ ತಾಗಿಸಿಕೊಂಡೇ ಬಂದರು, ಕತ್ತಲಲ್ಲಿ ಗೋಡೆ ಹಿಡಿದು ನಡೆಯುವವರ ಹಾಗೆ. ಹೊರಗೆ ಮಧ್ಯಾಹ್ನದ ಬಿಸಿಲು ಬಾಗಿಲ ತುಂಬ ಸುರಿದಿತ್ತು. ಇದನ್ನು ಅವಳು ಎಷ್ಟು ದಿನದಿಂದ ನೋಡಿದ್ದಳು, ನೋಡಿಯೂ ಎಷ್ಟು ದಿನದಿಂದ ಸುಮ್ಮನಿದ್ದಳು.

“ಕನ್ನಡಕದವರದು,” ಎಂದಳು. “ಬೆಳಿಗ್ಗೆ ಹಾಕಿದ್ದು ಎಡಬಲ ಆಗಿತ್ತು ಮಾವ. ಎರಡೂ. ನಾನು ತಾಳೆ ನೋಡಬೇಕಿತ್ತು, ನೋಡಲಿಲ್ಲ.”

ಮಾವ ಕಾಗದ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು, ಮೇಜಿನ ಮೇಲಿಟ್ಟರು. ನಿಧಾನವಾಗಿ ಬಾಗಿಲಿಗೆ ಹೋಗಿ ಮೇಲೆ ಸುತ್ತಿಕೊಂಡಿದ್ದ ಶಟರಿನ ಹಿಡಿಗೆ ಕೈ ಇಟ್ಟು, ಬೀದಿಗೆ ಮುಖ ಮಾಡಿ ನಿಂತರು. ಟಯರ್ ಅಂಗಡಿಯವನು ಆ ಕಡೆಯಿಂದ ಕೈ ಎತ್ತಿದ. ಮಾವ ಎತ್ತಲಿಲ್ಲ. ಅವಳಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಏನಾದರೂ ಹೇಳಬೇಕು ಅನ್ನಿಸಿತು, ಆದರೆ ಯಾವ ಮಾತು ಎತ್ತಿಕೊಂಡರೂ ಅದು ಸಮಾಧಾನದ ಮಾತಾಗುತ್ತಿತ್ತು. ಸಮಾಧಾನ ಹೇಳಿದರೆ ಅವರು ಖಂಡಿತ ಎಳೆಯುತ್ತಿದ್ದರು.

“ಎಷ್ಟೊತ್ತಿಗೆ ಬರ್ತಾರಂತೆ?” ತಿರುಗದೆಯೇ ಕೇಳಿದರು.

“ನಾಲ್ಕಕ್ಕೆ.”

“ಈಗೆಷ್ಟು?”

“ಮೂರೂವರೆ.”

“ಎಷ್ಟು ಮುಗಿದಿದೆ?”

“ಮುಂದಿನದು ಆಯ್ತು. ಹಿಂದಿನದಕ್ಕೆ ಅಕ್ಷರ ಕೂರಿಸಿದೀನಿ.”

ಮಾವ ಹಿಡಿಯಿಂದ ಕೈ ತೆಗೆದರು. “ಹಾಗಾದ್ರೆ ಈಗ ಶಟರ್ ಎಳೆಯೋಕೆ ಪುರುಸೊತ್ತಿಲ್ಲ,” ಎಂದು ಒಳಗೆ ಬಂದರು.

ಮೇಜಿನ ಮುಂದೆ ಅವರು ನಿಲ್ಲುವ ಜಾಗವನ್ನು ಅವಳು ಬಿಟ್ಟುಕೊಡಲು ಹೋದಳು. ಅವರು ಬೇಡವೆಂದು ತಲೆಯಾಡಿಸಿ, ಪಕ್ಕದಿಂದ ಕೈ ಚಾಚಿ ಅಕ್ಷರಗಳ ಮೇಲೆ ತೋರುಬೆರಳು ಆಡಿಸಿದರು. ನೆತ್ತಿ, ಅಂಚು, ಬುಡ. ಮಲಗಿದ ಮಗುವಿನ ಹುಬ್ಬು ಸವರುವಷ್ಟು ಹಗುರವಾಗಿ.

“ಎಂ ಒಂದು ಕೂದಲೆಳೆ ಮೇಲೆ ಹೋಗಿದೆ.”

ಅವಳು ಅಳತೆಪಟ್ಟಿ ಇಟ್ಟು ನೋಡಿದಳು. ಹೋಗಿತ್ತು.

“ಅಂಟು ಇನ್ನೂ ಹಸಿ. ಉಗುರಲ್ಲಿ ಬುಡದಿಂದ ತಳ್ಳು. ನೆತ್ತಿಯಿಂದ ಒತ್ತಿದ್ರೆ ಅಂಚು ಹರಿಯುತ್ತೆ. ಹಾಂ. ಇನ್ನೊಂಚೂರು. ಸಾಕು.” ಬೆರಳು ಮತ್ತೆ ಹಾದುಹೋಯಿತು. “ಈಗ ಕೂತಿತು.”

ಹಳದಿ ಹಾಳೆ ಹೊದಿಸಿ ರೋಲರಿಗೆ ಕೊಡುವಾಗ ಅವರು ಮೆಲ್ಲಗೆ ಹೇಳಿದರು, ಅವಳಿಗೆ ಹೇಳಿದಂತೆಯೂ ಯಂತ್ರಕ್ಕೆ ಹೇಳಿದಂತೆಯೂ: “ಒಂದು ವರ್ಷ ಆಯ್ತು, ನಾನು ನೋಡಿ ಹಾಕ್ತಿಲ್ಲ. ಮುಟ್ಟಿ ಹಾಕ್ತಿದೀನಿ. ಬಿ, ಆರ್, ಮೂರು, ಇವಕ್ಕೆ ಒಂದೇ ಕಡೆ ಹೊಟ್ಟೆ. ಬೆನ್ನ ಕಡೆಯಿಂದ ಮುಟ್ಟಿದಾಗ ಅದು ಎಡಕ್ಕಿದ್ರೆ ಸರಿ, ಬಲಕ್ಕಿದ್ರೆ ತಪ್ಪು ಅಂತ ಬೆರಳೇ ಹೇಳುತ್ತೆ. ಇವತ್ತಿನ ಅಕ್ಷರಗಳು ಒಂದೂ ಬಾಯಿ ಬಿಡಲಿಲ್ಲ.”

“ಯಾಕೆ ಹೇಳಲಿಲ್ಲ ಮಾವ?”

“ನೀನ್ಯಾಕೆ ಕೇಳಲಿಲ್ಲ? ಬೀಗ ಮೂರು ಸಲ ನೋಡ್ತೀಯ, ಒಲೆ ಮೂರು ಸಲ ನೋಡ್ತೀಯ.”

ರೋಲರು ತಿರುಗಿತು. ಪ್ಲೇಟು ಆ ಬದಿಯಿಂದ ಬೆಚ್ಚಗೆ ಹೊರಬಂದಿತು. ಮಾವ ಅದನ್ನು ಮುಟ್ಟದೆ, “ತಾಳೆ ನೋಡು. ಎಷ್ಟು ಸಲ ಬೇಕಾದ್ರೂ ನೋಡು, ನಾನು ಕಾಯ್ತೀನಿ,” ಎಂದರು. ಅವಳು ಗಟ್ಟಿಯಾಗಿ ಓದಿದಳು. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಕನ್ನಡಕದವರು ಹಳೆ ಪತ್ರಿಕೆಯಲ್ಲಿ ಸುತ್ತಿದ ಪ್ಲೇಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಬಾಗಿಲಲ್ಲಿ ಮಾವನನ್ನು ಕಂಡು ಗಕ್ಕನೆ ನಿಂತು, ಪೊಟ್ಟಣವನ್ನು ಬೆನ್ನ ಹಿಂದೆ ಮಾಡಿಕೊಂಡರು. “ಏನಿಲ್ಲ, ಹೀಗೇ ಈ ಕಡೆ ಬಂದಿದ್ದೆ,” ಎಂದರು.

“ಬೆನ್ನ ಹಿಂದೆ ಇಟ್ಕೊಂಡಿರೋದು ಕೊಡಿ,” ಎಂದರು ಮಾವ. “ತಪ್ಪು ನನ್ನದು. ನಮ್ಮ ಸೊಸೆ ಕಂಡುಹಿಡಿದಳು, ಅವಳೇ ಮಾಡಿದಾಳೆ. ಕ್ಷಮಿಸಬೇಕು.” ತಲೆ ಬಾಗಿಸಿಯೇ ಹೇಳಿದರು. ಆ ಮಾತನ್ನು ಅವರ ಬಾಯಿಂದ ಅವಳು ಅದುವರೆಗೆ ಕೇಳಿರಲಿಲ್ಲ, ಬಹುಶಃ ಆ ಅಂಗಡಿಯೂ ಕೇಳಿರಲಿಲ್ಲ.

“ಅಯ್ಯೋ, ಬಿಡಿ ಯಜಮಾನ್ರೇ. ನಮ್ಮಕ್ಕ ಅರವತ್ತು ವರ್ಷ ಆದ್ಮೇಲೆ ನನ್ನನ್ನ ಸರಿಯಾಗಿ ಬೈದಳು. ಆಮೇಲೆ ಅಪ್ಪನ ಸುದ್ದಿ ಮಾತಾಡ್ತಾ ಕೂತುಬಿಟ್ವಿ. ನಂಬರ್ ಸರಿಯಿದ್ದಿದ್ರೆ ಚೆನ್ನಾಗಿದೆ ಅಂತ ಹೇಳಿ ಟೀ ಕೊಟ್ಟು ಕಳಿಸ್ತಿದ್ದಳು.” ಅವರು ಹೊಸ ಪ್ಲೇಟುಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೆಬ್ಬೆರಳು ಟಿ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ತಲೆ ಎತ್ತಿ, ಕಸುಬಿನವರ ಕಣ್ಣಿಂದ ಮಾವನ ಕಣ್ಣನ್ನು ದಿಟ್ಟಿಸಿದರು. “ನೀವೊಂದು ಸಲ ನಮ್ಮ ಅಂಗಡಿ ಕಡೆ ಬನ್ನಿ. ಪೊರೆ ಇದ್ರೆ ತೆಗೆಸಬಹುದು, ಈಗೆಲ್ಲ ಸುಲಭ.”

“ಮೊದಲು ನಿಮ್ಮ ಕಣ್ಣು ತೋರಿಸ್ಕೊಳ್ಳಿ. ಐದು ಅಕ್ಷರ ಕಾಣ್ಲಿಲ್ಲ ನಿಮಗೆ.”

“ಅದೂ ಹೌದು,” ಎಂದರು ಕನ್ನಡಕದವರು.

“ಯಾವತ್ತು ತೆರೆದಿರುತ್ತೆ?” ಎಂದು ಮಾವ ಕೇಳಿದ್ದು ಅವರು ಮೆಟ್ಟಿಲಿಳಿದ ಮೇಲೆ.

“ಸೋಮವಾರ ಒಂದು ಬಿಟ್ಟು ದಿನಾ,” ಎಂದರು ಕನ್ನಡಕದವರು ತಿರುಗಿ.

ತಪ್ಪು ಪ್ಲೇಟನ್ನು ಹಾಗೆಯೇ ಎಸೆಯುವಂತಿಲ್ಲ, ಯಾರ ಕೈಗೂ ಸಿಗದಂತೆ ತುಂಡು ಮಾಡಬೇಕು. ಅವಳು ಎರಡನ್ನೂ ಅಂಕಿ ಅಕ್ಷರಗಳ ನಡುವೆ ಕತ್ತರಿಸಿ ತೊಟ್ಟಿಗೆ ಹಾಕಿದಳು. ಹೊರಗೆ ಬಂದಾಗ ಮಾವ ಮೆಟ್ಟಿಲ ಮೇಲೆ ಕೂತಿದ್ದರು. ಎದುರಿನ ನಿಲ್ದಾಣದಲ್ಲಿ ಕನ್ನಡಕದವರು ಬಸ್ಸು ಹತ್ತುತ್ತಿದ್ದರು. ಹೊಸ ಪ್ಲೇಟುಗಳನ್ನು ಪತ್ರಿಕೆಯಲ್ಲಿ ಸುತ್ತದೆ ಎದೆಗೆ ಹಿಡಿದುಕೊಂಡಿದ್ದರು, ಅಕ್ಷರ ಹೊರಗೆ ಕಾಣುವಂತೆ. ಕಿಟಕಿಯ ಪಕ್ಕ ಕೂತವರು ಬಗ್ಗಿ ಓದುತ್ತಿದ್ದರು.

ಅವಳು ಒಂದು ಮೆಟ್ಟಿಲು ಕೆಳಗೆ ಕೂತಳು. ಬಸ್ಸು ಹೊರಟಿತು, ಅದರ ಹಿಂದೆ ನಿಂತಿದ್ದ ಗಾಡಿಗಳು ಒಂದೊಂದಾಗಿ ಕದಲಿದವು.

“ಆ ನೀಲಿಯದು,” ಎಂದರು ಮಾವ. “ಬಣ್ಣ ಕಾಣುತ್ತೆ, ನಂಬರ್ ಕಾಣಲ್ಲ. ಏನಿದೆ?”

ಅವಳು ಓದಿದಳು.

“ವರ್ಷದ ಅಕ್ಷರ ತಲೇಲಿದೆ. ಇಪ್ಪತ್ತೈದು ವರ್ಷ ಆಗಿರಬೇಕು ಆ ಗಾಡಿಗೆ. ಇನ್ನೂ ಓಡ್ತಿದೆ ಅಂದ್ರೆ ಚೆನ್ನಾಗಿ ನೋಡ್ಕೊಂಡಿದಾರೆ. ಅದರ ಹಿಂದಿನದು?”

“ಎರಡಕ್ಷರ, ಆಮೇಲೆ ಏಳು. ವರ್ಷದ ಗುರುತಿಲ್ಲ.”

“ಒಂಟಿ ಏಳಾ? ಅಬ್ಬಾ, ಅಂಥದ್ದು ನೋಡಿ ಎಷ್ಟು ಕಾಲ ಆಯ್ತು. ಯಾರು ಓಡಿಸ್ತಿದಾರೆ, ನೋಡು.”

“ಒಬ್ಬಳು ಹುಡುಗಿ. ಕಲಿಯೋರ ಬೋರ್ಡ್ ಹಾಕಿದೆ. ಪಕ್ಕದಲ್ಲಿ ಅಜ್ಜಿ ಇದಾರೆ, ಸೀಟು ಗಟ್ಟಿಯಾಗಿ ಹಿಡ್ಕೊಂಡಿದಾರೆ.”

ಮಾವ ನಕ್ಕರು. ಆ ಗಾಡಿ ಎರಡು ಸಲ ಆರಿಹೋಗಿ, ಮೂರನೇ ಸಲ ಜಿಗಿದು ಮುಂದೆ ಹೋಯಿತು. ಅದರ ಹಿಂದೆ ಬಿಳಿಯದೊಂದು ಬರುತ್ತಿತ್ತು. ಅವರು ಕೇಳುವ ಮುನ್ನವೇ ಅವಳು ಓದತೊಡಗಿದಳು.